ಪ್ರೆಸ್ ಕೊನೆಗೆ ಬರಲಿ: ಹಳ್ಳಿಯಲ್ಲೊಂದು ಮುದ್ರಣ ಕಲೆಯ ಕೂಡು ಸ್ಟುಡಿಯೊ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಹಳ್ಳಿಯವನು, ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕ. ಊರಿನಲ್ಲಿ ಅಜ್ಜನ ಕಾಲದ ಮಾಳಿಗೆ ಮನೆ ಖಾಲಿ ಬಿದ್ದಿದೆ. ಒಟ್ಟಿಗೆ ಓದಿದ ನಾವು ಆರು ಮಂದಿ ಗೆಳೆಯರು ಅಲ್ಲಿ ವುಡ್‌ಕಟ್ (ಮರದ ಹಲಗೆ ಕೆತ್ತಿ ಮುದ್ರಿಸುವುದು) ಮತ್ತು ಎಚಿಂಗ್ (ಲೋಹದ ತಗಡನ್ನು ದ್ರಾವಣದಲ್ಲಿ ಕೊರೆಸಿ ಮುದ್ರಿಸುವುದು) ಮಾಡುವ ಸ್ಟುಡಿಯೊ ಆರಂಭಿಸಿ, ಎಲ್ಲರೂ ಹಂಚಿಕೊಂಡು ಬಳಸಬೇಕೆಂದಿದ್ದೇವೆ. ಸುಮಾರು ನಾಲ್ಕು ಲಕ್ಷ ರೂಪಾಯಿ ಕೂಡಿಸಿದ್ದೇವೆ. ಯಾವ ಪ್ರೆಸ್ ಕೊಂಡರೆ ಒಳ್ಳೆಯದು? ಮರದ ಗೊಂಬೆ ಮಾಡುವ ಕಿನ್ನಾಳದ ಕುಶಲಕರ್ಮಿಗಳನ್ನು ಜೊತೆಗೆ ಸೇರಿಸಿಕೊಳ್ಳಬಹುದೇ?

ಉತ್ತರ: ನಿಮ್ಮ ಪ್ರಶ್ನೆ ಪ್ರೆಸ್ಸಿನಿಂದ ಆರಂಭವಾಗುತ್ತದೆ, ನನ್ನ ಉತ್ತರದಲ್ಲಿ ಅದರ ಮಾತು ಬಹಳ ತಡವಾಗಿ ಬರುತ್ತದೆ. ಮುದ್ರಣ ಕಲೆ ಕಲಿತವರಿಗೆಲ್ಲ ಆ ದೊಡ್ಡ ಚಕ್ರದ ಮೇಲೆ ಒಂದು ಮೋಹವಿರುತ್ತದೆ, ನನಗೂ ಇತ್ತು. ಆದರೆ ನಾನು ಹತ್ತಿರದಿಂದ ಕಂಡ ಕೂಡು ಸ್ಟುಡಿಯೊಗಳಲ್ಲಿ ಎರಡು ಮುಚ್ಚಿಹೋದವು, ಮತ್ತು ಎರಡರಲ್ಲೂ ಪ್ರೆಸ್ ಚೆನ್ನಾಗಿಯೇ ಇತ್ತು. ಒಂದು ಕೊಳೆನೀರಿಗೆ ದಾರಿ ಕಾಣದೆ ಮುಚ್ಚಿತು. ಇನ್ನೊಂದು, ಸಂಜೆ ಮಸಿ ಒರೆಸುವವರು ಯಾರು ಎಂಬ ಜಗಳದಲ್ಲಿ. ಆದ್ದರಿಂದ ನೆಲ, ನೀರು, ಕಟ್ಟಳೆ ಈ ಮೂರನ್ನು ಮೊದಲು ನೋಡಿಕೊಳ್ಳಿ, ಹಣದ ಗಂಟನ್ನು ಆಮೇಲೆ ಬಿಚ್ಚಿ.

ಮೊದಲು ನೆಲ. ನಿಮ್ಮ ತಾಲ್ಲೂಕಿನಲ್ಲಿ ಎರೆಭೂಮಿಯೂ ಇದೆ, ಮಸಾರಿಯೂ ಇದೆ. ಮನೆ ಯಾವುದರ ಮೇಲೆ ನಿಂತಿದೆ ಎಂಬುದನ್ನು ಊರಿನ ಹಿರಿಯರು ಕೇಳಿದ ಕೂಡಲೇ ಹೇಳುತ್ತಾರೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಸಾಧಾರಣ ಮನೆಯ ಬಾಳಿಗೆ ಇದರಿಂದ ಗೋಡೆಯಲ್ಲೊಂದು ಸೀಳು ಬಂದರೆ ಮೆತ್ತಿಕೊಂಡು ಇರಬಹುದು, ಪ್ರೆಸ್ಸಿಗೆ ಅದು ಆಗದು. ಎಚಿಂಗ್ ಪ್ರೆಸ್ಸಿನ ಉಕ್ಕಿನ ಹಾಸು 60 ಸೆಂಟಿಮೀಟರ್ ಅಗಲ, 120 ಸೆಂಟಿಮೀಟರ್ ಉದ್ದ, 12 ಮಿಲಿಮೀಟರ್ ದಪ್ಪ ಇದ್ದರೆ ಅದೊಂದೇ ಸುಮಾರು 68 ಕಿಲೋ ತೂಗುತ್ತದೆ. ರೋಲರ್, ಚೌಕಟ್ಟು, ಗಿಯರ್ ಸೇರಿದರೆ ಅದರ ಹಲವು ಪಟ್ಟು. ಇಷ್ಟು ಭಾರದ ಯಂತ್ರದ ಒಂದು ಕಾಲು ಎರಡು ಮಿಲಿಮೀಟರ್ ಇಳಿದರೂ ಚೌಕಟ್ಟು ತಿರುಚಿಕೊಂಡು, ಪ್ರಿಂಟಿನ ಎಡಬದಿ ಗಾಢ ಕಪ್ಪಾಗಿ ಬಲಬದಿ ಬೂದಿಯಂತೆ ಬರುತ್ತದೆ. ಅಂಥ ಕಡೆ ತಪ್ಪು ಮಸಿಯದೋ ಕಾಗದದ್ದೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡವರನ್ನು ಕಂಡಿದ್ದೇನೆ. ಎರೆಮಣ್ಣಿದ್ದರೆ ಪ್ರೆಸ್ ನಿಲ್ಲುವ ಜಾಗದಲ್ಲಿ ಮೂರು ಅಡಿಯಾದರೂ ಮಣ್ಣು ತೆಗೆಸಿ, ಗರಸು ತುಂಬಿಸಿ, ಪದರ ಪದರವಾಗಿ ನೀರು ಹಾಕಿ ದಮ್ಮಸು ಮಾಡಿಸಿ, ಮೇಲೆ ಕಬ್ಬಿಣದ ಜಾಲಿ ಇಟ್ಟ ಕಾಂಕ್ರೀಟ್ ಹಾಸು ಹಾಕಿಸಬೇಕು. ಆ ಹಾಸು ಗೋಡೆಗೆ ತಾಗದಂತೆ ಬಿಡಿಯಾಗಿರಲಿ. ಹಳೆಯ ಮಣ್ಣಿನ ಗೋಡೆಗೂ ಹೊಸ ಕಾಂಕ್ರೀಟಿಗೂ ಒಂದೇ ಚಲನೆ ಇರುವುದಿಲ್ಲ.

ಮಾಳಿಗೆ ಮನೆಯೇ ಸಿಕ್ಕಿರುವುದು ನಿಮ್ಮ ಭಾಗ್ಯ. ದಪ್ಪ ಗೋಡೆ, ಮಣ್ಣಿನ ಮೇಲ್ಛಾವಣಿ ಎರಡೂ ಸೇರಿ ಏಪ್ರಿಲ್–ಮೇ ತಿಂಗಳ ಸುಡುಬಿಸಿಲಿನಲ್ಲಿಯೂ ಒಳಗೆ ಮಸಿ ಹದವಾಗಿರುವಷ್ಟು ತಂಪು ಉಳಿಸುತ್ತವೆ. ತಗಡಿನ ಶೆಡ್ಡಿನಲ್ಲಿ ಈ ಕೆಲಸ ಮಧ್ಯಾಹ್ನ ಸಾಧ್ಯವೇ ಇಲ್ಲ. ಆದರೆ ಜಂತಿಯ ಸಂದಿನಿಂದ ಉದುರುವ ಮಣ್ಣು ಒದ್ದೆ ಪ್ರಿಂಟಿನ ಮೇಲೆ ಬಿದ್ದರೆ ಅದನ್ನು ತೆಗೆಯುವ ಉಪಾಯವಿಲ್ಲ. ಜಂತಿಯ ಕೆಳಗೆ ದಪ್ಪ ಖಾದಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ವರ್ಷಕ್ಕೊಮ್ಮೆ ಇಳಿಸಿ ಝಾಡಿಸಿ. ಬೆಳಕಿಂಡಿಗಳಿಗೆ ಗಾಜು ಹಾಕಿಸಿ, ಕೆತ್ತುವ ಮೇಜನ್ನು ಉತ್ತರದ ಬೆಳಕಿಗೆ ಇಡಿ. ಗೆದ್ದಲಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಕಾಗದವನ್ನೂ ಅಚ್ಚಿನ ಹಲಗೆಗಳನ್ನೂ ಗೋಡೆಗೆ ತಾಗಿಸದೆ, ಕಬ್ಬಿಣದ ರ‍್ಯಾಕಿನಲ್ಲಿ ಇಡಿ, ಅಷ್ಟು ಸಾಕು.

ಇನ್ನು ನೀರು. ನೀವು ಎಚಿಂಗ್ ಬಯಸಿದ್ದೀರಿ ಎಂಬ ಕಾರಣಕ್ಕೆ ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಕಾಲೇಜುಗಳಲ್ಲಿ ಬಹುಮಟ್ಟಿಗೆ ಸತುವಿನ ತಗಡನ್ನು ನೈಟ್ರಿಕ್ ಆಮ್ಲದಲ್ಲಿ ಕೊರೆಸುವುದನ್ನು ಕಲಿಸುತ್ತಾರೆ. ಹಳ್ಳಿಯ ಮನೆಯಲ್ಲಿ ದಯವಿಟ್ಟು ಅದನ್ನು ಮಾಡಬೇಡಿ. ಆ ಆಮ್ಲದಿಂದ ಏಳುವ ಕಂದು ಹೊಗೆಯ ಕೇಡು ಉಸಿರೆಳೆದ ಕೂಡಲೇ ತಿಳಿಯುವುದಿಲ್ಲ, ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ರಾತ್ರಿ ಹನ್ನೊಂದಕ್ಕೆ ನಿಮ್ಮ ಊರಿನಿಂದ ಕೊಪ್ಪಳದ ಆಸ್ಪತ್ರೆಗೆ ಹೋಗುವ ದಾರಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಜಾಗದಲ್ಲಿ ಆಮ್ಲದ ಟ್ರೇ ವಾಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಚೆಲ್ಲಿತು. ಸೋಡಾ ಬಾಟಲಿ ಒಡೆದಂತೆ ನೆಲವೆಲ್ಲ ಬುಸುಗುಟ್ಟಿ ನೊರೆಯೆದ್ದಿತು. ತೊಳೆದು ನೋಡಿದರೆ ನುಣುಪಾದ ಕಲ್ಲಿನಲ್ಲಿ ಅಂಗೈಯಗಲದ ಒರಟು ತಗ್ಗು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಆಮ್ಲಕ್ಕೆ ಕರಗುವುದು ಅದರ ಗುಣ. ನಿಮ್ಮ ಪಡಸಾಲೆಗೂ ಅದೇ ಕಲ್ಲು ಹಾಸಿರುವ ಸಾಧ್ಯತೆ ಹೆಚ್ಚು. ಯಾವ ದ್ರಾವಣವನ್ನೇ ಬಳಸಿದರೂ ಟ್ರೇಯ ಕೆಳಗೆ ಅದಕ್ಕಿಂತ ದೊಡ್ಡದಾದ ಇನ್ನೊಂದು ಪ್ಲಾಸ್ಟಿಕ್ ಟ್ರೇ ಇರಲೇಬೇಕು.

ಎಚಿಂಗ್ ಬೇಕೇ ಬೇಕೆಂದರೆ ದಾರಿ ಇದೆ, ಅದು ನಿಮ್ಮ ಕಡೆಯ ಗೊಬ್ಬರದ ಅಂಗಡಿಯಲ್ಲಿಯೇ ಸಿಗುತ್ತದೆ. ದಾಳಿಂಬೆ ಬೆಳೆಗಾರರು ಬೋರ್ಡೊ ದ್ರಾವಣಕ್ಕೆ ಬಳಸುವ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಉಪ್ಪಿನ ಜೊತೆ ನೀರಿನಲ್ಲಿ ಕರಗಿಸಿದರೆ ಅದು ಸತುವನ್ನು ಚೆನ್ನಾಗಿ ಕೊರೆಯುತ್ತದೆ. ಲೀಟರ್ ನೀರಿಗೆ 50 ಗ್ರಾಂ ಮೈಲುತುತ್ತ, 50 ಗ್ರಾಂ ಉಪ್ಪು ಹಾಕಿ ಆರಂಭಿಸಿ. ಕಂದು ಹೊಗೆ ಏಳುವುದಿಲ್ಲ. ಗೆರೆಗಳಲ್ಲಿ ಕೆಂಪುಗಂದು ಬಣ್ಣದ ತಾಮ್ರದ ಗಸಿ ಕೂಡುತ್ತದೆ, ಅದನ್ನು ಮೆತ್ತನೆಯ ಬ್ರಷ್ಷಿನಿಂದ ಆಗಾಗ ಸರಿಸುತ್ತಿರಬೇಕು. ದ್ರಾವಣದ ನೀಲಿ ಮಾಸಿದಾಗ ಅದರ ಶಕ್ತಿ ಮುಗಿದಂತೆ. ಅಲ್ಯೂಮಿನಿಯಂ ತಗಡಿನ ಮೇಲೆ ಇದನ್ನೇ ಬಳಸಿದರೆ ಜಲಜನಕದ ಗುಳ್ಳೆಗಳು ಜೋರಾಗಿ ಏಳುತ್ತವೆಯಾದ್ದರಿಂದ ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಬಾರದಿರಲಿ. ತೊಡಕಿರುವುದು ಅದನ್ನು ಹೊರಗೆ ಚೆಲ್ಲುವಾಗ. ತಾಮ್ರ ಮೀನಿಗೂ ಮಣ್ಣಿನ ಜೀವಕ್ಕೂ ವಿಷ. ಮುಗಿದ ದ್ರಾವಣವನ್ನು ಚರಂಡಿಗೋ ಹಳ್ಳಕ್ಕೋ ಬಿಡದೆ, ಒಂದು ಡ್ರಮ್ಮಿನಲ್ಲಿ ಕೂಡಿಟ್ಟು, ಗುಳ್ಳೆ ನಿಲ್ಲುವವರೆಗೆ ವಾಷಿಂಗ್ ಸೋಡಾ ಬೆರೆಸಿ, ತಳಕ್ಕೆ ಕುಳಿತ ಗಸಿಯನ್ನು ಸೋಸಿ ಒಣಗಿಸಿ ಬೇರೆಯಾಗಿ ಕಟ್ಟಿಡಬೇಕು. ಆ ಡ್ರಮ್ಮಿಗೆ ಜಾಗ, ಅದರ ಹೊಣೆ ಹೊರುವ ಒಬ್ಬ ಮನುಷ್ಯ ಈ ಎರಡೂ ನಿಗದಿಯಾಗುವವರೆಗೆ ಎಚಿಂಗ್ ಆರಂಭಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೀಗಾಗಿ ಮೊದಲ ವರ್ಷ ಪೂರ್ತಿ ವುಡ್‌ಕಟ್ ಮತ್ತು ಲಿನೊಕಟ್ (ಮರದ ಬದಲು ಲಿನೋಲಿಯಂ ಹಾಳೆಯನ್ನು ಕೆತ್ತುವುದು) ಮಾತ್ರ ಮಾಡಿ. ಇದನ್ನು ಬಡವರ ವಿದ್ಯೆ ಎಂದು ಹೀಗಳೆಯುವವರಿದ್ದಾರೆ. 1930ರಲ್ಲಿ ನಂದಲಾಲ್ ಬೋಸ್ ಅವರು ದಂಡಿಗೆ ಹೊರಟ ಗಾಂಧೀಜಿಯನ್ನು ಕೋಲು ಹಿಡಿದ ಭಂಗಿಯಲ್ಲಿ ಮೂಡಿಸಿದ್ದು ಒಂದು ಕಪ್ಪು–ಬಿಳಿ ಲಿನೊಕಟ್‌ನಲ್ಲಿ. ಆ ಚಿತ್ರ ಮುಟ್ಟಿದಷ್ಟು ಕಣ್ಣುಗಳನ್ನು ಮುಟ್ಟಿದ ಎಚಿಂಗ್ ನಮ್ಮ ದೇಶದಲ್ಲಿ ಇಲ್ಲವೆಂದೇ ನನಗನ್ನಿಸುತ್ತದೆ. ಇದಕ್ಕೆ ಆಮ್ಲ ಬೇಡ, ವಿದ್ಯುತ್ ಬೇಡ, ತೊಳೆಯಲು ನೀರೂ ಅಷ್ಟಾಗಿ ಬೇಡ. ಆರಂಭಕ್ಕೆ ಪ್ರೆಸ್ಸೂ ಬೇಡ: ತೆಳುವಾದ ಕೈಕಾಗದವನ್ನು ಮಸಿ ಹಚ್ಚಿದ ಹಲಗೆಯ ಮೇಲೆ ಹಾಸಿ, ನುಣ್ಣನೆಯ ಮರದ ಸೌಟಿನ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜಿದರೆ ಸಾಕು. ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ನೋಡಿ, ಮಸಿ ಸಾಲದ ಕಡೆ ಕಾಗದವನ್ನು ಮತ್ತೆ ಇಳಿಸಿ ಉಜ್ಜಬಹುದು. ಈ ಅನುಕೂಲವನ್ನು ಯಾವ ಪ್ರೆಸ್ಸೂ ಕೊಡುವುದಿಲ್ಲ.

ಕಿನ್ನಾಳದವರ ಪ್ರಶ್ನೆ ಇಲ್ಲಿಯೇ ಬರುತ್ತದೆ. ಅಲ್ಲಿನ ಚಿತ್ರಗಾರರು ಗೊಂಬೆಗಳಿಗೆ ಬಳಸುವ ಹಗುರ ಮರ ನಿಮ್ಮ ಅಚ್ಚಿಗೆ ಒದಗುವುದಿಲ್ಲ. ಅದು ಮೆದು, ಸಣ್ಣ ಗೆರೆಯ ಅಂಚು ರೋಲರಿನ ಒತ್ತಡಕ್ಕೆ ನಿಲ್ಲದೆ ಕುಸಿಯುತ್ತದೆ. ಅವರ ಗೊಂಬೆಯಲ್ಲಿ ಮರ ಒಳಗಿನ ಮೈ ಮಾತ್ರ, ಅದರ ಮೇಲೆ ಹುಣಸೆ ಬೀಜದ ಅಂಟಿನ ಲೇಪ, ಆಮೇಲೆ ಬಣ್ಣ. ನಿಮಗೆ ಮರದ ಮೈಯೇ ಮುಖ. ಗಂಟಿಲ್ಲದ ಒಳ್ಳೆಯ ಪ್ಲೈವುಡ್ಡು ಅಥವಾ ಚೆನ್ನಾಗಿ ಒಣಗಿದ ಸಾಗುವಾನಿ ಹಲಗೆ ಸಾಕು. ಬಳ್ಳಾರಿ ಜಾಲಿ ಎಲ್ಲೆಂದರಲ್ಲಿ ಪುಕ್ಕಟೆ ಸಿಗುತ್ತದೆಂದು ಅದರ ಹಲಗೆ ಕೊಯ್ಸಲು ಹೋಗಬೇಡಿ, ಡೊಂಕು ಮರ, ಉಳಿಯ ಬಾಯಿ ಮುರಿಯುತ್ತದೆ. ಉಳಿಗಳ ಹಿಡಿಗೆ ಮಾತ್ರ ಅದರಷ್ಟು ಗಟ್ಟಿ ಬೇರೆ ಇಲ್ಲ. ಕಿನ್ನಾಳದವರಿಂದ ನೀವು ಪಡೆಯಬೇಕಾದದ್ದು ಕೈಯ ವಿದ್ಯೆ: ಉಳಿ ಮಸೆಯುವುದು, ನಾರಿನ ಎದುರಿಗೂ ಜೊತೆಗೂ ಉಳಿ ಓಡಿಸುವುದು, ಒಂದು ಕಣ್ಣಿನ ರೆಪ್ಪೆಯನ್ನು ಒಂದೇ ಎಳೆತದಲ್ಲಿ ಮುಗಿಸುವುದು. ಆದರೆ ಅವರನ್ನು ಕೂಲಿಗೆ ಕೆತ್ತುವವರಂತೆ ಕರೆಯಬೇಡಿ. ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳಲ್ಲಿ ಬರೆಯುವವನು, ಕೆತ್ತುವವನು, ಮುದ್ರಿಸುವವನು ಬೇರೆ ಬೇರೆ. ಹೆಸರು ಉಳಿದದ್ದು ಹೆಚ್ಚಾಗಿ ಬರೆದವನದು. ಆ ತಪ್ಪನ್ನು ನೀವು ಮಾಡಬೇಕಾಗಿಲ್ಲ. ಕೆತ್ತಿದವರ ಹೆಸರು ಪ್ರಿಂಟಿನ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರಲಿ, ಮಾರಾಟದ ಪಾಲು ಮೊದಲೇ ಬರಹದಲ್ಲಿರಲಿ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ಮಾಡುವವರೂ ಶಿಲ್ಪಿಗಳೂ ಇದ್ದಾರೆ, ಮುದ್ರಣ ಕಲಾವಿದರು ಇಲ್ಲ. ಅಂದರೆ ಉಪಕರಣದ ನೆರವಿಗೆ ಅವರು ಅರ್ಜಿ ಹಾಕಬಹುದು, ನೀವಲ್ಲ. ಆ ನೆರವಿಗಾಗಿಯೇ ಅವರನ್ನು ಸೇರಿಸಿಕೊಂಡಿರೆಂಬ ಮಾತು ಬಾರದಂತೆ ನೋಡಿಕೊಳ್ಳಿ.

ಕಾಗದಕ್ಕೆ ನಿಮ್ಮ ಹವೆ ಶತ್ರು. ಎಚಿಂಗಿಗೆ ಬಳಸುವ ದಪ್ಪ ಹತ್ತಿಯ ಕಾಗದವನ್ನು ನೆನೆಸಿ, ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ರಾತ್ರಿಯಿಡೀ ಇಟ್ಟರೆ ಬೆಳಗ್ಗೆ ಹದಕ್ಕೆ ಬರಬೇಕು. ನಿಮ್ಮಲ್ಲಿ ಮಾರ್ಚ್ ದಾಟಿದ ಮೇಲೆ ಅಂಚುಗಳು ಬೆಳಗಾಗುವಷ್ಟರಲ್ಲಿ ಒಣಗಿ ಸುರುಳಿಯಾಗಿರುತ್ತವೆ. ಕಟ್ಟಿನ ಸುತ್ತ ಹಿಂಡಿದ ಗೋಣಿತಟ್ಟು ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ. ಎರಡು ದಿನಕ್ಕಿಂತ ಹೆಚ್ಚು ಇಟ್ಟರೆ ಬೂಷ್ಟು ಹಿಡಿಯುತ್ತದೆ. ಹದ ನೋಡಲು ಹಾಳೆಯನ್ನು ಕೆನ್ನೆಗೆ ಒತ್ತಿ: ತಣ್ಣಗೆನ್ನಿಸಬೇಕು, ಕೆನ್ನೆ ಒದ್ದೆಯಾಗಬಾರದು. ಬೋರ್‌ವೆಲ್ ನೀರು ಗಡಸಾಗಿದ್ದು ಸಾಬೂನು ನೊರೆ ಬಾರದಿದ್ದರೆ ಅದನ್ನು ಕಾಗದಕ್ಕೆ ಬಳಸಬೇಡಿ, ಒಣಗಿದ ಮೇಲೆ ಉಪ್ಪಿನ ಬಿಳುಪು ಉಳಿಯುತ್ತದೆ. ಎರಡು–ಮೂರು ಬಣ್ಣದ ಕೆಲಸವನ್ನು ಮಳೆಗಾಲಕ್ಕೂ ಚಳಿಗಾಲಕ್ಕೂ ಇಟ್ಟುಕೊಳ್ಳುವುದು ಜಾಣತನ. ಬೇಸಿಗೆಯ ಒಣಗಾಳಿಯಲ್ಲಿ ಮೊದಲ ಬಣ್ಣಕ್ಕೂ ಎರಡನೆಯದಕ್ಕೂ ನಡುವೆ ಕಾಗದ ಕುಗ್ಗಿ, ಅಚ್ಚುಗಳು ಒಂದಕ್ಕೊಂದು ಕೂಡುವುದಿಲ್ಲ.

ಮಸಿಯ ಮೂಲ ಎಣ್ಣೆ ನಿಮಗೆಲ್ಲ ಅಡುಗೆಮನೆಯಿಂದಲೇ ಪರಿಚಿತ: ಅಗಸಿ. ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಯ ಅದೇ ಬೀಜದ ಎಣ್ಣೆಯನ್ನು ಕಾಯಿಸಿ ಗಟ್ಟಿ ಮಾಡಿ, ದೀಪದ ಕಾಡಿಗೆ ಅರೆದರೆ ಹಳೆಯ ಕಾಲದ ಅಚ್ಚಿನ ಮಸಿ. ಆದರೂ ಮೊದಲ ವರ್ಷ ಮಸಿಯನ್ನು ಕೊಂಡೇ ಬಳಸಿ, ಎಣ್ಣೆ ಕಾಯಿಸುವುದು ಬೆಂಕಿಯ ಜೊತೆಗಿನ ಆಟ. ಗಾಜಿನ ಮೇಲೆ ರೋಲರ್ ಉರುಳಿಸುವಾಗ ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವಂಥ ಸಣ್ಣ ಚಟಪಟ ಕೇಳಿದರೆ ಹದ ಸರಿ. ಸದ್ದಿಲ್ಲದೆ ಜಾರಿದರೆ ಬಿಸಿಲಿಗೆ ಸಡಿಲಾಗಿದೆ, ಚಿಟಿಕೆ ಮೆಗ್ನೀಷಿಯಂ ಕಾರ್ಬೊನೇಟ್ ಬೆರೆಸಿ. ತೊಳೆಯಲು ಸೀಮೆಎಣ್ಣೆಗೆ ಪರದಾಡಬೇಕಾಗಿಲ್ಲ, ಅಗ್ಗದ ಅಡುಗೆ ಎಣ್ಣೆಯಿಂದ ಒರೆಸಿ ಆಮೇಲೆ ಸಾಬೂನು ಹಾಕಿದರೆ ಹೋಗುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಅಗಸಿ ಎಣ್ಣೆ ಒಣಗುವಾಗ ಕಾವು ಹುಟ್ಟಿಸುತ್ತದೆ. ಅದರ ಮಸಿಯಲ್ಲಿ ತೊಯ್ದ ಅರಿವೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಜಂತಿಯ ಮನೆ, ಸುತ್ತ ಕಣಕಿ–ಮೇವಿನ ಬಣವೆ. ಅರಿವೆಗಳನ್ನು ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿಸಿ ಮುಳುಗಿಸಿಡಿ.

ಈಗ ಪ್ರೆಸ್. ಬೆಂಗಳೂರಿನಿಂದಲೋ ದೆಹಲಿಯಿಂದಲೋ ತರಿಸುವ ಮೊದಲು ಹೊಸಪೇಟೆ, ಗಿಣಿಗೇರಿ ಕಡೆಯ ಲೇತ್ ವರ್ಕ್‌ಶಾಪುಗಳನ್ನು ಒಮ್ಮೆ ಸುತ್ತಿ ಬನ್ನಿ. ಗಣಿ ಮತ್ತು ಉಕ್ಕಿನ ಕಾರ್ಖಾನೆಗಳ ಯಂತ್ರಗಳನ್ನು ರಿಪೇರಿ ಮಾಡುವವರಿಗೆ ಎರಡು ರೋಲರ್ ತಿರುಗಿಸಿ ಕೊಡುವುದು ಕಷ್ಟವಲ್ಲ. ಮೇಲಿನ ರೋಲರ್ ಆರು ಇಂಚಿಗಿಂತ ಕಡಿಮೆ ದಪ್ಪವಿರಬಾರದು, ಗೋಡೆ ದಪ್ಪಗಿರುವ ಜೋಡಿಲ್ಲದ ಪೈಪೇ ಆಗಬೇಕು. ತೆಳು ಪೈಪಾದರೆ ಒತ್ತಡಕ್ಕೆ ನಡುವೆ ಬಾಗಿ, ಪ್ರಿಂಟಿನ ಮಧ್ಯಭಾಗ ತೆಳುವಾಗಿ ಬರುತ್ತದೆ. ಗಿಯರ್ ಇಳಿತ ಇರಲಿ, ಇಲ್ಲದಿದ್ದರೆ ಚಕ್ರ ತಿರುಗಿಸಲು ಇಬ್ಬರು ಬೇಕು. ಕಬ್ಬಿನ ಹಾಲಿನ ಯಂತ್ರವನ್ನು ಪ್ರೆಸ್ ಮಾಡಿಕೊಳ್ಳಬಹುದೇ ಎಂದು ನನ್ನನ್ನು ಕೇಳಿದವರು ಒಬ್ಬಿಬ್ಬರಲ್ಲ. ಅದರ ರೋಲರಿಗೆ ಹಲ್ಲುಗಳಿವೆ, ಹಾಸು ಇಲ್ಲ, ಆ ಆಸೆ ಬಿಡಿ. ಪಟ್ಟಣಗಳ ಹಳೆಯ ಮುದ್ರಣಾಲಯಗಳ ಮೂಲೆಯಲ್ಲಿ ತುಕ್ಕು ಹಿಡಿದ ಟ್ರೆಡಲ್ ಯಂತ್ರ (ಕಾಲಿನಿಂದ ತುಳಿದು ನಡೆಸುವ ಮುದ್ರಣಯಂತ್ರ), ಸೀಸದ ಅಚ್ಚುಮೊಳೆಗಳ ಖಾನೆ ಸಿಕ್ಕರೆ ಗುಜರಿಗೆ ಹೋಗುವ ಮೊದಲೇ ತೂಕದ ಬೆಲೆಗೆ ಕೊಂಡುಬಿಡಿ. ಟ್ರೆಡಲ್ ಸಣ್ಣ ಅಚ್ಚಿಗೆ ಮಾತ್ರ ಸರಿ. ಮೊಳೆಯ ಎತ್ತರ ಸುಮಾರು 23.3 ಮಿಲಿಮೀಟರ್ ಇರುವುದರಿಂದ ನಿಮ್ಮ ಹಲಗೆಯನ್ನು ಅಷ್ಟಕ್ಕೇ ತಂದರೆ ಚಿತ್ರವನ್ನೂ ಅಕ್ಷರವನ್ನೂ ಒಟ್ಟಿಗೆ ಮುದ್ರಿಸಬಹುದು. ಈ ಸೀಮೆಗೆ ಅಚ್ಚುಮೊಳೆ ಹೊಸತೇನೂ ಅಲ್ಲ. 1843ರ ಜುಲೈಯಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹುಟ್ಟಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಮರುವರ್ಷವೇ ‘ಕನ್ನಡ ಸಮಾಚಾರ’ವೆಂದು ಹೆಸರು ಬದಲಿಸಿಕೊಂಡು ಬಳ್ಳಾರಿಗೆ ಬಂದದ್ದು ಇಲ್ಲಿ ಮೊಳೆಗಳ ಮುದ್ರಣ ಇದ್ದುದರಿಂದ.

ಕಟ್ಟಳೆಯ ವಿಷಯದಲ್ಲಿ ನಾಚಿಕೆ ಬೇಡ. ಗೆಳೆಯರ ನಡುವೆ ಬರಹವೇಕೆ ಎನ್ನುವವರೇ ಮೊದಲು ಮುನಿಸಿಕೊಳ್ಳುವವರು. 1927ರಲ್ಲಿ ಪ್ಯಾರಿಸಿನಲ್ಲಿ ಮುದ್ರಣ ಕಲಾವಿದ ಸ್ಟ್ಯಾನ್ಲಿ ಹೇಟರ್ ಆರಂಭಿಸಿದ, ಮುಂದೆ ಅಟೆಲಿಯರ್ 17 ಎಂದು ಹೆಸರಾದ ಸ್ಟುಡಿಯೊದಲ್ಲಿ ಹಲವು ದೇಶದವರು ಒಂದೇ ಮೇಜಿನ ಸುತ್ತ ಕೆಲಸ ಮಾಡುತ್ತಿದ್ದರು. ನಮ್ಮ ನೆರೆಯ ಚಿತ್ತೂರು ಕಡೆಯಿಂದ ಹೋದ ಕೃಷ್ಣ ರೆಡ್ಡಿ, ಮಸಿಗಳ ಜಿಗುಟಿನ ವ್ಯತ್ಯಾಸದಿಂದಲೇ ಒಂದೇ ಪ್ಲೇಟಿನಲ್ಲಿ ಹಲವು ಬಣ್ಣ ತೆಗೆಯುವ ವಿಧಾನವನ್ನು ಬೆಳೆಸಿದ್ದು ಅಂಥ ಕೂಡುಕೆಲಸದ ನಡುವೆಯೇ. ಅಂಥದ್ದು ನಡೆಯಬೇಕಾದರೆ ಒಬ್ಬನ ಎಡವಟ್ಟು ಇನ್ನೊಬ್ಬನ ಕಣ್ಣಿಗೆ ಬೀಳುವಂತೆ ಒಟ್ಟಿಗೆ ಇರುವ ದಿನ ಬೇಕು. ಆದ್ದರಿಂದ ವಾರದ ಆರು ದಿನವನ್ನು ಆರು ಮಂದಿಗೆ ಹಂಚಿಬಿಡುವ ಸುಲಭದ ಲೆಕ್ಕಕ್ಕೆ ಹೋಗಬೇಡಿ. ನಾಲ್ಕು ದಿನ ಪಾಳಿಯಿರಲಿ, ಭಾನುವಾರ ಎಲ್ಲರೂ ಸೇರಲಿ.

ಒಂದು ದಪ್ಪ ರಟ್ಟಿನ ರಿಜಿಸ್ಟರ್ ತನ್ನಿ. ಅದರಲ್ಲಿ ತಾರೀಖು, ಯಾರು, ಎಷ್ಟು ಹೊತ್ತು, ಎಷ್ಟು ಮಸಿ, ಪ್ರೆಸ್ಸಿನ ಒತ್ತಡ ಎಷ್ಟಿಟ್ಟಿದ್ದರು ಎಂಬುದನ್ನು ಹೊರಡುವ ಮೊದಲು ಬರೆಯಬೇಕು. ಬಂದವರು ಮೊದಲು ಹಿಂದಿನವರು ಬಿಟ್ಟ ಸ್ಥಿತಿಯನ್ನು ನೋಡಿ ಸಹಿ ಹಾಕಬೇಕು. ಗಾಜಿನ ಮೇಲೆ ಒಣಗಿದ ಮಸಿಯಿದ್ದರೆ ಆಗಲೇ ತಿಳಿಯುತ್ತದೆ, ತಿಂಗಳ ನಂತರ ಯಾರದೆಂದು ಹುಡುಕಬೇಕಾಗಿಲ್ಲ. ರೋಲರುಗಳನ್ನು ತೂಗುಹಾಕುವುದು, ಪ್ರೆಸ್ಸಿನ ಉಣ್ಣೆ ಹಾಸುಗಳನ್ನು ಬಿಡಿಸಿಡುವುದು, ಒತ್ತಡ ಸಡಿಲಿಸುವುದು ಈ ಮೂರು ಆಗದೆ ಬಾಗಿಲು ಹಾಕುವಂತಿಲ್ಲ. ಪ್ರತಿ ಎಡಿಷನ್ನಿನಿಂದ (ಒಂದೇ ಅಚ್ಚಿನಿಂದ ಎಣಿಸಿ ತೆಗೆದ ಪ್ರತಿಗಳ ಕಟ್ಟು) ಒಂದು ಪ್ರಿಂಟ್ ಸ್ಟುಡಿಯೊದ ಪೆಟ್ಟಿಗೆಗೆ ಸೇರಲಿ. ಇಪ್ಪತ್ತು ಎಂದು ಬರೆದ ಮೇಲೆ ಇಪ್ಪತ್ತೊಂದನೆಯದು ಹೊರಗೆ ಹೋಗಬಾರದು; ಮುಗಿದ ಹಲಗೆಗೆ ಎಲ್ಲರೆದುರು ಒಂದು ಅಡ್ಡಗೆರೆ ಎಳೆದುಬಿಡಿ. ಕೂಡಿಸಿದ ನಾಲ್ಕು ಲಕ್ಷದಲ್ಲಿ ಮೂರನೆಯ ಒಂದು ಪಾಲನ್ನಾದರೂ ಮುಟ್ಟದೆ ಇಡಿ, ಮೊದಲ ಎರಡು ವರ್ಷ ಮಾರಾಟದಿಂದ ಕಾಗದದ ಖರ್ಚು ಹುಟ್ಟಿದರೆ ಅದೇ ದೊಡ್ಡದು.

ಕಾಗದಪತ್ರದ ಮಾತು ಚಿಕ್ಕದು. ಊರೊಳಗಿನ ಮನೆಯಾದ್ದರಿಂದ ಪಂಚಾಯಿತಿಯ ಪರವಾನಗಿ ವಿಚಾರಿಸಿದರೆ ಸಾಕಾಗಬಹುದು. ಹೊಲದಲ್ಲಿ ಶೆಡ್ ಕಟ್ಟುವ ಯೋಚನೆ ಬಂದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ನೋಡಬೇಕಾಗುತ್ತದೆ. ಆನೆಗೊಂದಿ ಕಡೆ ಜಾಗ ಕೊಡುತ್ತೇವೆ ಎಂದು ಯಾರಾದರೂ ಕರೆದರೆ, ಅಲ್ಲಿ ಕಟ್ಟಡಕ್ಕೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆಯೂ ಬೇಕೆಂಬುದು ನೆನಪಿರಲಿ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಮಾಡಿಕೊಳ್ಳುವುದು ನಿಮಗೆ ಹೊಂದುತ್ತದೆ, ಆದರೆ ಅದಕ್ಕೆ ಕನಿಷ್ಠ ಏಳು ಮಂದಿ ಬೇಕು, ನೀವು ಆರು. ಆ ಏಳನೆಯ ಹೆಸರು ಕಿನ್ನಾಳದ ಒಬ್ಬ ಚಿತ್ರಗಾರರದಾಗಲಿ ಎಂಬುದು ನನ್ನ ಸಲಹೆ. ಆಗ ಮೇಲೆ ಹೇಳಿದ ಪಾಲಿನ ಮಾತು ಬರೀ ಮಾತಾಗಿ ಉಳಿಯುವುದಿಲ್ಲ.

ಇಷ್ಟರಲ್ಲಿ ನೀವು ಮಾಡಬಹುದಾದ ಒಂದು ಕೆಲಸಕ್ಕೆ ಖರ್ಚೇ ಇಲ್ಲ. ಬೇಸಿಗೆ ಮುಗಿಯುವ ಮೊದಲು ಪಡಸಾಲೆಯ ನೆಲದಲ್ಲಿಯೂ ಗೋಡೆಯಲ್ಲಿಯೂ ಇರುವ ದೊಡ್ಡ ಬಿರುಕುಗಳಿಗೆ ಅಡ್ಡಲಾಗಿ ಒಂದೊಂದು ತೆಳು ಗಾಜಿನ ಪಟ್ಟಿಯಿಟ್ಟು, ಎರಡು ತುದಿಗಳನ್ನೂ ಸಿಮೆಂಟಿನಿಂದ ಬಿಗಿಯಾಗಿ ಮೆತ್ತಿ, ಮೇಲೆ ತಾರೀಖು ಬರೆಯಿರಿ. ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ಗಾಜು ಒಡೆದಿದ್ದರೆ ನೆಲ ಇನ್ನೂ ಆಡುತ್ತಿದೆ ಎಂದು ತಿಳಿದು, ಗರಸಿನ ಕೆಲಸಕ್ಕೆ ಕೈಹಾಕಿ. ಒಡೆಯದೆ ಇದ್ದರೆ, ಲೇತ್ ವರ್ಕ್‌ಶಾಪಿಗೆ ಕೊಡಬೇಕಾದ ರೋಲರಿನ ಅಳತೆ ಕೇಳಿ ನನಗೆ ಇನ್ನೊಂದು ಪತ್ರ ಬರೆಯಬಹುದು.